ಹಿಮ್ಮಡಿ ಮುಟ್ಟಿದ ಕೂದಲಿನ ವಯಸ್ಸೆಷ್ಟು?

ಬುಧವಾರ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಮತ್ತೆ ಅದೇ ಕೂಗು: “ಕೂದ್ಲೂ... ಕೂದ್ಲಿಗೆ ಪಾತ್ರೇ...” ಐ.ಡಿ.ಹಳ್ಳಿ ಗಡಿನಾಡಿನ ಊರು. ಹಾಗಾಗಿ ಅದನ್ನೇ ತೆಲುಗಿನಲ್ಲೂ ಒಂದು ಸಲ ಕೂಗಿ ಮುಂದಿನ ತಿರುವಿಗೆ ಹೋಗುತ್ತಾರೆ. ಮೊಪೆಡ್ಡಿನ ಹಿಂದೆ ಸ್ಟೀಲ್ ಪಾತ್ರೆ, ಪ್ಲಾಸ್ಟಿಕ್ ಬುಟ್ಟಿ, ಕೈಯಲ್ಲಿ ಸಣ್ಣ ತಕ್ಕಡಿ. ತಲೆ ಬಾಚಿದಾಗ ಬಂದ ಕೂದಲನ್ನು ಬೆರಳಿಗೆ ಸುತ್ತಿ, ಉಂಡೆ ಮಾಡಿ, ಗೋಡೆಯ ಸಂದಿಗೆ ಸಿಕ್ಕಿಸಿಟ್ಟ ಹೆಂಗಸರು ಒಬ್ಬೊಬ್ಬರಾಗಿ ಹೊರಗೆ ಬರುತ್ತಾರೆ.

ಈ ಸಲ ನಮ್ಮ ಮನೆಯಿಂದಲೂ ಒಂದು ದೊಡ್ಡ ಉಂಡೆ ಹೋಯಿತು. ತಂಗಿಯ ಮಗಳದು. ಮದುವೆಯೊಂದಕ್ಕೆ ಚೆನ್ನಾಗಿ ಕಾಣಲಿ ಎಂದು ಪೇಟೆಯ ಪಾರ್ಲರಿನಲ್ಲಿ ಕೂದಲು ನೇರ ಮಾಡಿಸಿಕೊಂಡು ಬಂದಿದ್ದಳು. ಮೂರು ತಿಂಗಳು ತುಂಬುವ ಮೊದಲೇ ಕಿವಿಯ ಮಟ್ಟದಲ್ಲಿ ಕೂದಲು ಪಟಪಟನೆ ತುಂಡಾಗತೊಡಗಿತು. “ದೊಡ್ಡಮ್ಮ, ಯಾವ ಎಣ್ಣೆ ಹಾಕಿದ್ರೆ ಇದಕ್ಕೆ ಜೀವ ಬರುತ್ತೆ?” ಎಂದು ಕೇಳಿದಳು. ಹೈಸ್ಕೂಲಿನಲ್ಲಿ ಮಕ್ಕಳಿಗೆ ಬಹಳ ವರ್ಷ ವಿಜ್ಞಾನ ಹೇಳಿಕೊಟ್ಟವಳು ನಾನು. ಆದರೂ ಅಳುವ ಮುಖದ ಎದುರು ಉತ್ತರ ಹೇಳುವುದು ಕಷ್ಟವಾಯಿತು. “ಚರ್ಮದ ಮೇಲೆ ಕಾಣೋ ಕೂದಲಿಗೆ ಜೀವ ಇರಲ್ಲ ಕಣಮ್ಮ. ಜೀವ ಇರೋದು ಬುಡದಲ್ಲಿ ಮಾತ್ರ” ಎಂದೆ. ಅವಳು ನಂಬಲಿಲ್ಲ. ಟಿ.ವಿ.ಯಲ್ಲಿ ದಿನವೂ ಕೂದಲಿಗೆ ಪೋಷಣೆ, ಆಹಾರ, ಉಸಿರು ಎಂದೆಲ್ಲ ಹೇಳುತ್ತಿರುವಾಗ ಹೇಗೆ ನಂಬುತ್ತಾಳೆ?

ಹಾಗಾಗಿ ಅವಳಿಗೆ ಹೇಳಿದ್ದನ್ನೇ ಈ ವಾರ ಇಲ್ಲಿ ಬರೆಯುತ್ತಿದ್ದೇನೆ. ಕೂದಲಿನ ಹೆಸರಿನಲ್ಲಿ ನಮ್ಮ ಹೆಣ್ಣುಮಕ್ಕಳ ದುಡ್ಡು, ಧೈರ್ಯ ಎರಡೂ ಖಾಲಿಯಾಗುತ್ತಿರುವುದನ್ನು ನೋಡುತ್ತಾ ಸುಮ್ಮನಿರಲು ನನ್ನಿಂದ ಆಗುತ್ತಿಲ್ಲ.

ನಮ್ಮ ಸೀಮೆಯಲ್ಲಿ ಕೂದಲಿನ ಕಥೆ ಎಂದರೆ ಮಿಡಿಗೇಶಿಯಿಂದಲೇ ಶುರುವಾಗಬೇಕು. ಮಧುಗಿರಿಯಿಂದ ಪಾವಗಡದ ಬಸ್ ಹತ್ತಿದರೆ ದಾರಿಯಲ್ಲಿ ಸಿಗುವ ಊರು ಅದು, ಬೆಟ್ಟದ ಮೇಲೆ ಕೋಟೆ. ಮಿಡಿ ಎಂದರೆ ಹಿಮ್ಮಡಿ, ಹಿಮ್ಮಡಿ ಮುಟ್ಟುವಷ್ಟು ಕೇಶವಿದ್ದವಳು ಮಿಡಿಗೇಶಿ. ಅಂಥ ಕೂದಲಿದ್ದ ರಾಣಿಯೊಬ್ಬಳು ಗಂಡನ ಚಿತೆ ಏರಿದಳು, ಅವಳ ಹೆಸರೇ ಊರಿಗೆ ನಿಂತಿತು ಎಂದು ಹಿರಿಯರು ಹೇಳುತ್ತಾರೆ. ಕಥೆಯಲ್ಲಿ ಇತಿಹಾಸ ಎಷ್ಟಿದೆ ಎಂಬ ಚರ್ಚೆ ಬೇರೆ. ಕೂದಲಿನ ಲೆಕ್ಕ ಮಾತ್ರ ಇಲ್ಲಿ ಹಾಕಿ ನೋಡಬಹುದು.

ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ನೆತ್ತಿಯಿಂದ ಹಿಮ್ಮಡಿಗೆ 150 ಸೆಂ.ಮೀ. ಎಂದುಕೊಳ್ಳಿ. ಆ ರಾಣಿಯ ಹಿಮ್ಮಡಿ ಸವರುತ್ತಿದ್ದ ಕೂದಲ ತುದಿ ಅವಳ ನೆತ್ತಿಯಿಂದ ಹೊರಬಂದು 12 ವರ್ಷಕ್ಕೂ ಮೇಲಾಗಿತ್ತು. ಹನ್ನೆರಡು ಬೇಸಿಗೆಯ ಬಿಸಿಲು, ಹನ್ನೆರಡು ವರ್ಷದ ಬಾಚಣಿಗೆ, ಎಷ್ಟೋ ನೂರು ತಲೆಸ್ನಾನಗಳನ್ನು ತಡೆದುಕೊಂಡ ನೂಲು ಅದು. ಬುಡದಲ್ಲಿ ಈ ತಿಂಗಳ ಕೂದಲು, ತುದಿಯಲ್ಲಿ ಹನ್ನೆರಡು ವರ್ಷದ ಕೂದಲು. ಒಂದೇ ಎಳೆ, ಎರಡು ವಯಸ್ಸು. ತುದಿ ಯಾಕೆ ಸೀಳುತ್ತದೆ ಎಂದು ಕೇಳುವವರಿಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು.

ಹಾಗಾದರೆ ಎಲ್ಲರ ಕೂದಲೂ ಹಿಮ್ಮಡಿಗೆ ಯಾಕೆ ಬರುವುದಿಲ್ಲ? ಒಂದೊಂದು ಕೂದಲಿಗೂ ಒಂದು ಅವಧಿ ಇದೆ. ಸಾಮಾನ್ಯವಾಗಿ ಎರಡರಿಂದ ಆರು ವರ್ಷ ಬೆಳೆಯುತ್ತದೆ, ಎರಡು ಮೂರು ವಾರದಲ್ಲಿ ಬೆಳವಣಿಗೆ ನಿಲ್ಲಿಸುತ್ತದೆ, ಸುಮಾರು ಮೂರು ತಿಂಗಳು ಸುಮ್ಮನೆ ಕೂತಿದ್ದು ಉದುರುತ್ತದೆ. ಅದೇ ಬುಡದಲ್ಲಿ ಮತ್ತೆ ಹೊಸದು ಹುಟ್ಟುತ್ತದೆ. ಒಂದೇ ಹೊಲದಲ್ಲಿ ಒಂದೊಂದು ಗಿಡವನ್ನು ಒಂದೊಂದು ದಿನ ಬಿತ್ತಿದಂತೆ, ಎಲ್ಲವೂ ಒಟ್ಟಿಗೆ ಕುಯ್ಲಿಗೆ ಬರುವುದಿಲ್ಲ. ತಲೆಯ ಮೇಲಿರುವ ಸುಮಾರು 1 ಲಕ್ಷ ಕೂದಲಿನಲ್ಲಿ ದಿನಕ್ಕೆ 50ರಿಂದ 100 ಉದುರುವುದು ಈ ಲೆಕ್ಕದಿಂದಲೇ. ಬೆಳೆಯುವ ಅವಧಿ ನಾಲ್ಕು ವರ್ಷ ಇದ್ದವಳ ಕೂದಲು ಸೊಂಟದ ಹತ್ತಿರ ನಿಲ್ಲುತ್ತದೆ. ಯಾವ ಎಣ್ಣೆಗೂ ಅದನ್ನು ಕೆಳಗೆ ಇಳಿಸಲಾಗದು. ಅವಧಿ ಹುಟ್ಟಿನಿಂದ ಬಂದದ್ದು. ಚೀನಾದ ಷೀ ಚ್ಯೂಪಿಂಗ್ ಎಂಬಾಕೆ 1973ರಿಂದ ಕೂದಲು ಕತ್ತರಿಸಲಿಲ್ಲ. 2004ರಲ್ಲಿ ಅಳೆದಾಗ ಅದು 5.627 ಮೀಟರ್ ಇತ್ತು. ಅಂಥವರ ಬುಡದ ಅವಧಿಯೇ ಬೇರೆ. ಮಿಡಿಗೇಶಿಯದೂ ಹಾಗೇ ಇದ್ದಿರಬೇಕು.

ಈಗ ಆ ಎಳೆಯನ್ನು ಬಿಡಿಸಿ ನೋಡೋಣ. ನಮ್ಮ ಕಡೆ ಈಚಲು ಮರ ನೋಡದವರಿಲ್ಲ. ಅದರ ಮೈ ತುಂಬ ಗರಿ ಉದುರಿದ ಮೊಟಕುಗಳು, ಒಂದರ ಮೇಲೊಂದು, ಎಲ್ಲದರ ತುದಿಯೂ ಮೇಲಕ್ಕೆ. ಕೂದಲಿನ ಹೊರಮೈ ಥೇಟ್ ಹಾಗೆಯೇ. ಐದರಿಂದ ಹತ್ತು ಪದರದ ತೆಳ್ಳನೆಯ ಹುರುಪೆಗಳು, ಒಂದೊಂದೂ ಸುಮಾರು ಅರ್ಧ ಮೈಕ್ರಾನ್ ದಪ್ಪ, ಅಂದರೆ ಒಂದು ಮಿಲಿಮೀಟರಿನ ಎರಡು ಸಾವಿರದ ಒಂದು ಭಾಗ. ಬುಡ ನೆತ್ತಿಯ ಕಡೆ, ಬಿಚ್ಚಿದ ಅಂಚು ತುದಿಯ ಕಡೆ. ಉದುರಿದ ಒಂದು ಕೂದಲನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಬುಡದಿಂದ ತುದಿಗೆ ಎಳೆಯಿರಿ, ನುಣುಪು. ತುದಿಯಿಂದ ಬುಡಕ್ಕೆ ಎಳೆಯಿರಿ, ತರಕಲು. ತರಗತಿಯಲ್ಲಿ ಮಕ್ಕಳಿಗೆ ಇದನ್ನು ಮಾಡಿಸಿದಾಗ ಅವರ ಕಣ್ಣು ಅರಳುತ್ತಿದ್ದುದು ಇನ್ನೂ ನೆನಪಿದೆ. ಖರ್ಚಿಲ್ಲದ ಪ್ರಯೋಗ, ನೀವೂ ಈಗಲೇ ಮಾಡಬಹುದು.

ಈ ಹುರುಪೆಯ ಮೇಲೆ ಹುಟ್ಟಿನಿಂದಲೇ ತೆಳುವಾದ ಒಂದು ಕೊಬ್ಬಿನ ಲೇಪ ಅಂಟಿರುತ್ತದೆ. ಹೊಸ ಕೂದಲಿನ ಮೇಲೆ ನೀರು ಜಾರುವುದು, ಕೂದಲು ಮಿರಿಮಿರಿ ಎನ್ನುವುದು ಅದರಿಂದ. ಕ್ಷಾರದ ಸೋಪು, ಬಣ್ಣ, ಬ್ಲೀಚು ಅದನ್ನು ಕಿತ್ತುಹಾಕುತ್ತವೆ, ಹೋದದ್ದು ಮತ್ತೆ ಹುಟ್ಟುವುದಿಲ್ಲ. ಹುರುಪೆಯೂ ಅಷ್ಟೇ. ಬುಡದಲ್ಲಿ ಎಂಟು ಪದರ ಇದ್ದದ್ದು ತುದಿ ತಲುಪುವ ಹೊತ್ತಿಗೆ ಸವೆದು ಸವೆದು ಒಂದೂ ಉಳಿಯದೆ ಒಳಗಿನ ನಾರು ಬಯಲಿಗೆ ಬೀಳುತ್ತದೆ. ಸೀಳು ತುದಿ ಎನ್ನುವುದು ಇದನ್ನೇ. ಸೀಳಿದ್ದನ್ನು ಅಂಟಿಸುವ ಪದಾರ್ಥ ಇಲ್ಲ, ಕತ್ತರಿಯೇ ಗತಿ.

ಒಳಗಿನ ನಾರಿನ ಕಥೆ ಹೇಳಲು ನಮ್ಮ ಬೇಲಿಯ ಕತ್ತಾಳೆ ಸಾಕು. ಕತ್ತಾಳೆಯ ಎಳೆಗಳನ್ನು ಹೊಸೆದು ಹುರಿ, ಹುರಿಗಳನ್ನು ಹೊಸೆದು ಹಗ್ಗ. ಕೂದಲಿನ ಒಳಮೈಯಲ್ಲಿಯೂ ಕೆರಾಟಿನ್ ಎಂಬ ಪ್ರೋಟೀನಿನ ಸುರುಳಿಗಳು ಜೋಡಿಜೋಡಿಯಾಗಿ ಹೆಣೆದುಕೊಂಡು ಎಳೆ, ಎಳೆಗಳು ಸೇರಿ ಕಟ್ಟು, ಕಟ್ಟುಗಳು ಸೇರಿ ನಾರು. ನಟ್ಟನಡುವೆ ಕೆಲವರಲ್ಲಿ ಸಡಿಲವಾದ ತಿರುಳು ಇರುತ್ತದೆ, ಸಣ್ಣ ಕೂದಲಲ್ಲಿ ಅದೂ ಇರುವುದಿಲ್ಲ. ಮೈದನಹಳ್ಳಿಯ ಕೃಷ್ಣಮೃಗದ ಕೊಂಬಿನ ಹೊರಕವಚ, ದನದ ಗೊರಸು, ನಮ್ಮ ಉಗುರು, ಕುರಿಯ ಉಣ್ಣೆ ಎಲ್ಲವೂ ಕೆರಾಟಿನ್ನೇ. ಸುಟ್ಟರೆ ಒಂದೇ ಕಮಟು ವಾಸನೆ ಬರುವುದು ಅದರಲ್ಲಿರುವ ಗಂಧಕದಿಂದ.

ಆ ಗಂಧಕವೇ ಕೂದಲಿನ ಕಸುವು. ಪಕ್ಕಪಕ್ಕದ ಪ್ರೋಟೀನ್ ಸರಪಳಿಗಳನ್ನು ಗಂಧಕದ ಜೋಡಿಗಳು ಏಣಿಯ ಮೆಟ್ಟಿಲಿನಂತೆ ಬಿಗಿದು ಹಿಡಿದಿವೆ. ಇದಲ್ಲದೆ ನೀರು ತಾಗಿದರೆ ಬಿಚ್ಚಿಕೊಳ್ಳುವ, ಒಣಗಿದರೆ ಮತ್ತೆ ಕೂಡುವ ಹೈಡ್ರೋಜನ್ ಬಂಧಗಳೂ ಇವೆ. ಒದ್ದೆ ಕೂದಲಿಗೆ ಜಡೆ ಹಾಕಿ ಮಲಗಿ ಬೆಳಿಗ್ಗೆ ಬಿಚ್ಚಿದರೆ ಅಲೆಅಲೆಯಾಗಿರುತ್ತದಲ್ಲ, ಆ ಅಲೆ ಹೈಡ್ರೋಜನ್ ಬಂಧದ್ದು. ತಲೆಗೆ ನೀರು ಬಿದ್ದೊಡನೆ ಮಾಯ. ಗಂಧಕದ ಬಂಧ ಹಾಗಲ್ಲ, ನೀರಿಗೆ ಜಗ್ಗುವುದಿಲ್ಲ. ಒಂದು ಕೂದಲು ಹೆಚ್ಚುಕಡಿಮೆ 100 ಗ್ರಾಂ ತೂಕ ಹೊರುತ್ತದೆ. ಅಷ್ಟೇ ದಪ್ಪದ ಮೆದು ತಾಮ್ರದ ತಂತಿಯೂ ಹೆಚ್ಚುಕಡಿಮೆ ಅಷ್ಟನ್ನೇ ಹೊತ್ತೀತು. ದಪ್ಪವೆಷ್ಟು? ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಇಲ್ಲ.

ತಂಗಿಯ ಮಗಳ ತಲೆಯಲ್ಲಿ ಆದದ್ದು ಈಗ ತಿಳಿಯುತ್ತದೆ. ನೇರ ಮಾಡುವ ಔಷಧಿಗಳಲ್ಲಿ ಒಂದು ಬಗೆ ಈ ಗಂಧಕದ ಬಂಧಗಳನ್ನೇ ಕಡಿದು, ಕೂದಲನ್ನು ಎಳೆದು ನೇರ ಮಾಡಿ, ಇನ್ನೊಂದು ರಾಸಾಯನಿಕದಿಂದ ಬಂಧಗಳನ್ನು ಮತ್ತೆ ಕೂಡಿಸುತ್ತದೆ. ಕಡಿದದ್ದೆಲ್ಲ ಮತ್ತೆ ಕೂಡುವುದಿಲ್ಲ. ಹೊತ್ತು ಹೆಚ್ಚಾದರೆ, ಮೊದಲೇ ಬಣ್ಣ ಹಾಕಿದ ಕೂದಲಾದರೆ, ಏಣಿಯ ಮೆಟ್ಟಿಲು ಕಳಚಿದ ಹಾಗೇ ಉಳಿಯುತ್ತದೆ. ಮೇಲೆ ಕಾದ ಇಸ್ತ್ರಿ. ಒದ್ದೆ ಕೂದಲಿಗೆ ಆ ಶಾಖ ತಾಗಿದರೆ ಒಳಗಿನ ನೀರು ಆವಿಯಾಗಿ ಕೂದಲೊಳಗೆ ಗುಳ್ಳೆ ಏಳುತ್ತದೆ, ಗುಳ್ಳೆ ಇದ್ದಲ್ಲಿ ಕೂದಲು ಮುರಿಯುತ್ತದೆ. ಇನ್ನೊಂದು ಬಗೆಯ ಔಷಧಿಯಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ ಅಥವಾ ಬಿಸಿಗೆ ಹೊರಬರುತ್ತದೆ. ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ವರ್ಗೀಕರಿಸಿದೆ. ಅದರ ಬದಲಿಗೆ ಬಂದ ಗ್ಲೈಆಕ್ಸಿಲಿಕ್ ಆಮ್ಲವೂ ನಿರಪಾಯಕಾರಿಯಲ್ಲ. ಆ ಆಮ್ಲವಿದ್ದ ಕ್ರೀಮು ಹಚ್ಚಿಸಿಕೊಂಡ 26 ವರ್ಷದ ಯುವತಿಯೊಬ್ಬಳಿಗೆ ಮೂರು ಸಲವೂ ಮೂತ್ರಪಿಂಡಕ್ಕೆ ಪೆಟ್ಟಾದ ವರದಿ 2024ರ ಮಾರ್ಚ್‌ನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂತು. ಪಾರ್ಲರಿನ ಹುಡುಗಿಯರು ಈ ಔಷಧಿಗಳಿಂದ ಏಳುವ ಹೊಗೆಯನ್ನು ದಿನವಿಡೀ ಉಸಿರಾಡುತ್ತಾರೆ, ನನಗೆ ಹೆಚ್ಚಿನ ಸಂಕಟ ಅವರದು. ಬಾಟಲಿಯ ಮೇಲಿನ ಹೆಸರು ಓದಿ, ಕಿಟಕಿ ತೆರೆದಿಡಿ ಎಂದಾದರೂ ಅವರಿಗೆ ಹೇಳುವವರು ಬೇಕು.

ನೀರಿನ ವಿಷಯಕ್ಕೆ ಬರುತ್ತೇನೆ. ಮಧುಗಿರಿ, ಪಾವಗಡ, ಶಿರಾ, ಕೊರಟಗೆರೆ ಯಾವ ತಾಲ್ಲೂಕಿನಲ್ಲಿ ಕೇಳಿದರೂ ಹೆಂಗಸರ ಮಾತು ಒಂದೇ: “ಬೋರ್‌ವೆಲ್ ನೀರಿಗೆ ಕೂದಲೆಲ್ಲ ಹೋಯ್ತು.” ನಮ್ಮ ಮನೆಯ ಹಂಡೆಯ ತಳದಲ್ಲಿ ಬಿಳಿ ಗಾರೆ ಕಟ್ಟುತ್ತದೆ, ಬಕೆಟ್ಟಿನ ಒಳಗೆ ಬಿಳಿ ಬಳೆ. ಸೌಳು ನೀರು. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಗಡಸು ಎಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ. ಇವು ಧನ ವಿದ್ಯುದಂಶದ ಕಣಗಳು, ನೀರಿನಲ್ಲಿ ನೆನೆದ ಕೂದಲಿನ ಮೈ ಋಣ. ಸವೆದ ಕೂದಲು ಇನ್ನೂ ಹೆಚ್ಚು ಋಣ. ಹಾಗಾಗಿ ಹೋಗಿ ಕೂರುತ್ತವೆ. ಅದರ ಮೇಲೆ ಸೋಪು ಹಾಕಿದಿರೋ, ಸೋಪಿನ ಕೊಬ್ಬಿನಂಶವೂ ಕ್ಯಾಲ್ಸಿಯಮ್ಮೂ ಕೂಡಿ ಕರಗದ ಜಿಡ್ಡಾಗಿ ಎಳೆಗಳ ಮೇಲೆ ಮೆತ್ತಿಕೊಳ್ಳುತ್ತದೆ. ತೊಳೆದ ಮೇಲೂ ತಲೆ ಅಂಟಂಟು, ಒಣಗಿದ ಮೇಲೆ ಪರಕೆಯ ಹಾಗೆ ಒರಟು.

ಆದರೆ ಇದರಿಂದ ಕೂದಲು ಬುಡದಿಂದ ಉದುರುತ್ತದೆಯೇ? ಗಡಸು ನೀರು ಬುಡಕ್ಕೆ ಹೋಗಿ ಕೆಲಸ ನಿಲ್ಲಿಸುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಎಳೆ ದುರ್ಬಲವಾಗುತ್ತದೆಯೇ ಎಂಬುದರಲ್ಲಿ ಅಧ್ಯಯನಗಳೇ ಒಪ್ಪುವುದಿಲ್ಲ. ಕೊಯಮತ್ತೂರಿನ ಚರ್ಮವೈದ್ಯರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಡಸು ನೀರಿನಲ್ಲಿ ನೆನೆಸಿದ ಕೂದಲಿಗೂ ಶುದ್ಧ ನೀರಿನ ಕೂದಲಿಗೂ ಬಲದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಪಾಕಿಸ್ತಾನದಲ್ಲಿ ನಡೆದ ಅಧ್ಯಯನದಲ್ಲಿ ಗಡಸು ನೀರಿನ ಕೂದಲು ಬೇಗ ತುಂಡಾಯಿತು. ನನ್ನ ತಿಳುವಳಿಕೆ ಇಷ್ಟು: ನಮ್ಮ ನೀರು ಕೂದಲನ್ನು ಒರಟು ಮಾಡುತ್ತದೆ, ಒರಟಾದದ್ದು ಸಿಕ್ಕಾಗುತ್ತದೆ, ಸಿಕ್ಕನ್ನು ನಾವು ಬಾಚಣಿಗೆಯಿಂದ ಎಳೆದು ಮುರಿಯುತ್ತೇವೆ. ಮುರಿದದ್ದನ್ನು ಉದುರಿದ್ದು ಎಂದುಕೊಳ್ಳುತ್ತೇವೆ. ಕೈಗೆ ಬಂದ ಕೂದಲಿನ ಒಂದು ತುದಿಯಲ್ಲಿ ಬಿಳಿಯ ಸಣ್ಣ ಗಂಟು ಇದ್ದರೆ ಅದು ಬುಡದಿಂದ ಬಂದದ್ದು, ಇಲ್ಲದಿದ್ದರೆ ನಡುವೆ ಮುರಿದದ್ದು. ಎರಡಕ್ಕೂ ಕಾರಣ ಬೇರೆ, ಉಪಾಯವೂ ಬೇರೆ. ನಮ್ಮ ನೀರಿನ ಫ್ಲೋರೈಡ್‌ಗೆ ಹೆದರಬೇಕಾದದ್ದಂತೂ ತಲೆಗೆ ಹಾಕಿಕೊಳ್ಳುವಾಗ ಅಲ್ಲ, ಕುಡಿಯುವಾಗ. ಪಾವಗಡದ ಮಕ್ಕಳ ಹಲ್ಲು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮುರಿಯುವುದನ್ನು ತಡೆಯಲು ನಮ್ಮ ಕೈಯಲ್ಲಿ ಬಹಳ ಇದೆ. ಕೂದಲು ತನ್ನ ತೂಕದ ಸುಮಾರು ಶೇ.30ರಷ್ಟು ನೀರು ಹೀರುತ್ತದೆ, ಅಡ್ಡಡ್ಡಕ್ಕೆ ಶೇ.15ರಷ್ಟು ಉಬ್ಬುತ್ತದೆ. ಉದ್ದ ಮಾತ್ರ ಶೇ.2ರಷ್ಟು ಹೆಚ್ಚಬಹುದು, ಅಷ್ಟೇ. ಈ ಎರಡು ಪರ್ಸೆಂಟನ್ನು ನಂಬಿ ಸೊಸ್ಯೂರ್ ಎಂಬ ಜಿನೀವಾದ ವಿಜ್ಞಾನಿ 1783ರಲ್ಲಿ ಗಾಳಿಯ ತೇವ ಅಳೆಯುವ ಯಂತ್ರದ ಬಗ್ಗೆ ಬರೆದ. ಮನುಷ್ಯನ ಕೂದಲೇ ಅದರ ತಂತಿ. ಹವಾಮಾನ ಕೇಂದ್ರಗಳಲ್ಲಿ ಕೂದಲಿನ ಆ ಉಪಕರಣ ಬಹಳ ಕಾಲ ನಡೆಯಿತು. ನಮ್ಮ ಒಣ ಸೀಮೆಯಲ್ಲಿ ಚಳಿಗಾಲದ ಬೆಳಿಗ್ಗೆ ಬಾಚಿದರೆ ಕೂದಲು ಚಟಚಟ ಎಂದು ಬಾಚಣಿಗೆಯ ಹಿಂದೆ ಏಳುವುದೂ ತೇವದ ಲೆಕ್ಕವೇ. ತೇವವಿಲ್ಲದ ಕೂದಲಿನಲ್ಲಿ ಹುಟ್ಟಿದ ವಿದ್ಯುತ್ತು ಹರಿದುಹೋಗಲು ದಾರಿ ಇರುವುದಿಲ್ಲ. ಒದ್ದೆಯಾದಾಗ ಕೂದಲು ಹಿಗ್ಗುತ್ತದೆ, ಹುರುಪೆ ಎದ್ದು ನಿಲ್ಲುತ್ತದೆ, ಎಳೆದರೆ ಹೆಚ್ಚು ಉದ್ದವಾಗಿ ಒಳಗೇ ಹರಿಯುತ್ತದೆ. ಒದ್ದೆ ತಲೆಯನ್ನು ಟವೆಲ್ಲಿನಿಂದ ಬಡಿಯುವುದು, ಸಣ್ಣ ಹಲ್ಲಿನ ಬಾಚಣಿಗೆ ಹಾಕುವುದು ಬಿಟ್ಟರೆ ಅರ್ಧ ಕೂದಲು ಉಳಿದ ಹಾಗೆ. ಸಿಕ್ಕು ಬಿಡಿಸುವುದನ್ನು ತುದಿಯಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ನಮ್ಮಜ್ಜಿ ಹಾಗೇ ಮಾಡುತ್ತಿದ್ದರು, ಬೆರಳಿನಿಂದ, ತಾಳ್ಮೆಯಿಂದ.

ಅಜ್ಜಿಯ ಸೀಗೆಕಾಯಿಯನ್ನೂ ಇಲ್ಲಿ ನೆನೆಯಬೇಕು. ಸೀಗೆ, ಅಂಟುವಾಳ, ಚಿಗರೆ ಪುಡಿ, ಇವುಗಳಲ್ಲಿ ನೊರೆ ಬರಿಸುವ ಸ್ಯಾಪೋನಿನ್ ಇದೆ, ಸೀಗೆಗೆ ಸ್ವಲ್ಪ ಹುಳಿ ಗುಣವೂ ಇದೆ. ಸೋಪಿನ ಹಾಗೆ ಗಡಸು ನೀರಿನಲ್ಲಿ ಜಿಡ್ಡಾಗಿ ಒಡೆಯುವುದಿಲ್ಲ, ಕ್ಷಾರದಿಂದ ಹುರುಪೆ ಎಬ್ಬಿಸುವುದಿಲ್ಲ. ಹಾಗೆಂದು ಶಾಂಪೂವನ್ನು ದೂರಬೇಕಿಲ್ಲ. ಅದರ ಮಾರ್ಜಕವೂ ಗಡಸು ನೀರಿನಲ್ಲಿ ಸೋಪಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ತಮಿಳುನಾಡಿನ ಕಡಲೂರಿನಲ್ಲಿ ಚಿನ್ನಿಕೃಷ್ಣನ್ ಸ್ಯಾಷೆಯಲ್ಲಿ ಶಾಂಪೂ ತುಂಬಿ ಮಾರುವ ದಾರಿ ತೋರಿಸಿದರು, ಅವರ ಮಗ ರಂಗನಾಥನ್ 1983ರಲ್ಲಿ ಚಿಕ್ ಶುರು ಮಾಡಿದರು. ಇಂದು ನಮ್ಮೂರಿನ ಪ್ರತಿ ಚಿಲ್ಲರೆ ಅಂಗಡಿಯ ಮುಂದೆ ಸ್ಯಾಷೆಯ ತೋರಣ ತೂಗುವುದಕ್ಕೆ ಅವರೇ ಕಾರಣ. ಬಡವರ ತಲೆಗೂ ಶಾಂಪೂ ಮುಟ್ಟಿತು, ಒಳ್ಳೆಯದೇ ಆಯಿತು. ಶಾಂಪೂ ನೆತ್ತಿಗೆ, ಕಂಡೀಷನರ್ ತುದಿಗೆ, ಇಷ್ಟು ನೆನಪಿಟ್ಟರೆ ಸಾಕು. ಕಂಡೀಷನರಿನಲ್ಲಿ ಧನ ವಿದ್ಯುದಂಶದ ಅಣುಗಳಿರುವುದರಿಂದ ಸವೆದ ತುದಿಯನ್ನೇ ಹುಡುಕಿ ಹಿಡಿದುಕೊಳ್ಳುತ್ತವೆ. ಕೂದಲಿಗೆ ಅದು ಊಟವಲ್ಲ, ಹೊದಿಕೆ.

ಎಣ್ಣೆಯ ಮಾತು ಇಲ್ಲದೆ ತುಮಕೂರು ಜಿಲ್ಲೆಯವರು ಬಿಡುವುದಿಲ್ಲ. ತಿಪಟೂರಿನ ಕೊಬ್ಬರಿ ನಮ್ಮದು. ತೆಂಗಿನೆಣ್ಣೆಯಲ್ಲಿ ಸರಿಸುಮಾರು ಅರ್ಧ ಲಾರಿಕ್ ಆಮ್ಲ. ಅದರ ಅಣು ಚಿಕ್ಕದು, ನೇರ, ಕೂದಲಿನ ಒಳಕ್ಕೆ ನುಗ್ಗುತ್ತದೆ. ರೇಲೆ ಮತ್ತು ಮೊಹಿಲೆ ಎಂಬ ಸಂಶೋಧಕರು 2003ರಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ಎಣ್ಣೆ ಮೂರನ್ನೂ ಹೋಲಿಸಿ, ತೊಳೆಯುವ ಮೊದಲು ಹಚ್ಚಿದಾಗ ಕೂದಲಿನ ಪ್ರೋಟೀನ್ ಸೋರದಂತೆ ತಡೆಯುವುದು ತೆಂಗಿನೆಣ್ಣೆ ಮಾತ್ರ ಎಂದು ತೋರಿಸಿದರು. ಅವರು ತೆಂಗಿನೆಣ್ಣೆ ಮಾರುವ ಕಂಪನಿಯವರು ಎಂಬುದನ್ನೂ ಓದುಗರಿಗೆ ಹೇಳಬೇಕು. ಆದರೆ ಎಣ್ಣೆ ಒಳಕ್ಕಿಳಿಯುವುದು ಬೇರೆ ಪ್ರಯೋಗಗಳಲ್ಲೂ ಕಂಡಿದೆ. ನಮ್ಮ ಹೊಲದ ಬದುವಿನ ಹರಳೆಣ್ಣೆ ಮಂದ, ಮೇಲೆಯೇ ಕೂತು ಜಾರಿಕೆ ಕೊಡುತ್ತದೆ, ಅದೂ ಉಪಯೋಗವೇ. ಹಬ್ಬದ ದಿನ ಎಣ್ಣೆ ಮೊದಲು, ನೀರು ಆಮೇಲೆ ಎಂಬ ಪದ್ಧತಿ ಎಷ್ಟು ಸರಿ ನೋಡಿ. ಎಣ್ಣೆ ಕುಡಿದ ಕೂದಲು ನೀರು ಕಡಿಮೆ ಹೀರುತ್ತದೆ, ಕಡಿಮೆ ಉಬ್ಬುತ್ತದೆ.

ಇಷ್ಟು ಮಾತ್ರ ಎಣ್ಣೆಯ ಶಕ್ತಿ. ಎಣ್ಣೆಯಿಂದ ಬೊಕ್ಕತಲೆಯಲ್ಲಿ ಕೂದಲು ಹುಟ್ಟುತ್ತದೆ ಎಂದು ಮಾರಿದರೆ ಅದು ಲೆಕ್ಕಕ್ಕೆ ಹೊಂದದ ಮಾತು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ ಎಣ್ಣೆ ಈಚೆಗೆ ದೇಶವೆಲ್ಲ ಹೆಸರಾಯಿತು. ಅಲೆದಾಡಿ ಬದುಕಿದ ಜನಕ್ಕೆ ಅದರಿಂದ ಮನೆ, ಮಕ್ಕಳ ಓದು ಆದರೆ ಸಂತೋಷ. ಅದೇ ಹೆಸರಿನಲ್ಲಿ ಯಾರು ಯಾರೋ ತುಂಬಿಸಿ ಕೊಡುವ ಬಾಟಲಿಗೆ ಸಾವಿರಾರು ರೂಪಾಯಿ ಕೊಟ್ಟು, ತಿಂಗಳಿಗೆ ಗೇಣುದ್ದ ಬೆಳೆಯುತ್ತದೆಂದು ನಮ್ಮ ಹುಡುಗಿಯರು ಕಾಯುವುದು ಸರಿಯಲ್ಲ. ತಿಂಗಳಿಗೆ 1 ಸೆಂಟಿಮೀಟರ್, ಅಷ್ಟೇ. ಬೊಕ್ಕತಲೆ ವಾಸಿ ಮಾಡುತ್ತೇವೆ, ಹೊಸ ಕೂದಲು ಬೆಳೆಸುತ್ತೇವೆ ಎಂದು ಔಷಧಿಯ ಹೆಸರಿನಲ್ಲಿ ಹೇಳಿಕೊಳ್ಳಬಾರದೆಂದು 1945ರ ಔಷಧ ನಿಯಮಗಳ ಷೆಡ್ಯೂಲ್ ‘ಜೆ’ ಪಟ್ಟಿ ಮಾಡಿದೆ. ಮಾರುವವರನ್ನು ಗ್ರಾಹಕರು ಈ ನಿಯಮದ ಬಗ್ಗೆ ಕೇಳಬೇಕು.

ಬುಡದಿಂದ ಉದುರುವವರ ದಾರಿಯೇ ಬೇರೆ. ಬುಡಕ್ಕೆ ಊಟ ಬರುವುದು ರಕ್ತದಿಂದ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ.47.8 ಮಂದಿಗೆ ರಕ್ತಹೀನತೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬಳು! ಕಬ್ಬಿಣದ ಕೊರತೆ, ಥೈರಾಯ್ಡ್ ತೊಂದರೆ ಇದ್ದರೆ ಕೂದಲು ತೆಳುವಾಗಬಹುದು. ಬಾಣಂತನವಾದರೆ, ಡೆಂಗಿ, ಟೈಫಾಯ್ಡ್, ಕೋವಿಡ್‌ನಂಥ ಜ್ವರ ಬಂದರೆ ಬೆಳೆಯುತ್ತಿದ್ದ ಬುಡಗಳು ಒಟ್ಟಿಗೆ ಕೆಲಸ ನಿಲ್ಲಿಸುತ್ತವೆ. ಉದುರುವುದು ಮಾತ್ರ ಎರಡು ಮೂರು ತಿಂಗಳು ಬಿಟ್ಟು. ಅಷ್ಟರಲ್ಲಿ ಜ್ವರ ಮರೆತಿರುತ್ತೇವೆ, ನೀರನ್ನೋ ಶಾಂಪೂವನ್ನೋ ಬೈಯುತ್ತೇವೆ. ಈ ಬಗೆಯದು ಬಹುಪಾಲು ತಾನಾಗಿ ಮರಳುತ್ತದೆ. ಮುಷ್ಟಿಗಟ್ಟಲೆ ಉದುರುತ್ತಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ, ಅಂಗಡಿಗೆ ಆಮೇಲೆ ಹೋಗಿ ಎಂದು ಕೈಮುಗಿದು ಕೇಳುತ್ತೇನೆ.

ಮೊಪೆಡ್ಡಿನಲ್ಲಿ ಹೋದ ಆ ಉಂಡೆ ಎಲ್ಲಿಗೆ ಹೋಗುತ್ತದೆ ಎಂಬುದೂ ಕೂದಲಿನ ವಿಜ್ಞಾನವೇ. ಕೊಪ್ಪಳದ ಮಗ್ಗುಲಿನ ಭಾಗ್ಯನಗರ ಕೂದಲು ಹದಗೊಳಿಸುವ ಊರು. ಊರೂರಿನ ಉಂಡೆಗಳನ್ನು ಅಂಥ ಕಡೆ ಹೆಂಗಸರು ಕೂತು ಎಳೆ ಎಳೆಯಾಗಿ ಬಿಡಿಸಿ, ಅಳತೆ ಪ್ರಕಾರ ಜೋಡಿಸುತ್ತಾರೆ. ತಿರುಪತಿಯಲ್ಲಿ ಮುಡಿ ಕೊಟ್ಟ ಕೂದಲಿಗೆ ಬೆಲೆ ಹೆಚ್ಚು, ಉಂಡೆ ಕೂದಲಿಗೆ ಕಡಿಮೆ. ಕಾರಣ ಈಚಲು ಮರದ ಮೊಟಕು! ಮುಡಿಯ ಕೂದಲನ್ನು ಕಟ್ಟಿ ಕತ್ತರಿಸಿದರೆ ಎಲ್ಲ ಹುರುಪೆಯೂ ಒಂದೇ ದಿಕ್ಕಿಗೆ, ಇದನ್ನು ವ್ಯಾಪಾರದಲ್ಲಿ ರೆಮಿ ಎನ್ನುತ್ತಾರೆ. ಉಂಡೆಯಲ್ಲಿ ಬುಡ ತುದಿ ಬೆರೆತು ಹುರುಪೆಗಳು ಒಂದನ್ನೊಂದು ಕಚ್ಚಿ ಸಿಕ್ಕಾಗುತ್ತವೆ. ಅದನ್ನು ನುಣುಪು ಮಾಡಲು ಆಮ್ಲದಲ್ಲಿ ಹುರುಪೆಯನ್ನೇ ತೆಗೆದು ಮೇಲೆ ಸಿಲಿಕೋನ್ ಬಳಿಯುವುದುಂಟು. ಹಸಿ ಕೂದಲು ಅಡ್ಡದಾರಿಯಲ್ಲಿ ದೇಶ ಬಿಟ್ಟು ಹೋಗಿ ಇಲ್ಲಿನ ಕೆಲಸಗಾರರಿಗೆ ಪೆಟ್ಟು ಬೀಳುತ್ತಿದೆ ಎಂಬ ದೂರಿನ ಮೇಲೆ ಕೇಂದ್ರ ಸರ್ಕಾರ 2022ರ ಜನವರಿಯಲ್ಲಿ ಅದರ ರಫ್ತಿಗೆ ನಿರ್ಬಂಧ ಹಾಕಿತು. ಬಿಡಿಸುವ ಹೆಂಗಸರ ಕೂಲಿ ಏರಿತೇ ಎಂಬುದು ನನ್ನ ಪ್ರಶ್ನೆ.

ಇದೇ ಕಚ್ಚುವ ಗುಣವನ್ನು ನಮ್ಮ ಕಂಬಳಿ ಕುರುಬರು ಬಲ್ಲರು. ನೇಯ್ದ ಉಣ್ಣೆ ಒದ್ದೆಯಾಗಿ ತುಳಿತಕ್ಕೆ ಸಿಕ್ಕಷ್ಟೂ ಬಿಗಿಯುತ್ತದೆ, ಹುಣಸೆ ಬೀಜದ ಗಂಜಿ ಹಾಕಿದರೆ ಇನ್ನೂ ಗಟ್ಟಿ, ಮಳೆ ಒಳಗಿಳಿಯದು. 1930ರ ದಶಕದಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಆಸ್ಟ್‌ಬರಿ ಎಂಬ ವಿಜ್ಞಾನಿ ಉಣ್ಣೆಗೂ ಕೂದಲಿಗೂ ಎಕ್ಸ್-ರೇ ಹಾಯಿಸಿ, ಎಳೆದಾಗ ಒಳಗಿನ ರಚನೆ ಬದಲಾಗುವುದನ್ನು ಕಂಡ. 1951ರಲ್ಲಿ ಪೌಲಿಂಗ್ ಆ ಸುರುಳಿಯ ಅಳತೆ ಕೊಟ್ಟ. ಕೂದಲ ವಿಜ್ಞಾನದ ಬುಡ ಕುರಿಯ ಬೆನ್ನಿನ ಮೇಲಿದೆ. ಹಾಗೇ ಇನ್ನೊಂದು ಮಾತು ನೋವಿನಿಂದ ಹೇಳುತ್ತೇನೆ. ಹೆಣ್ಣುಮಗಳ ತಲೆಯಲ್ಲಿ ಜಡೆ ಕಟ್ಟಿದರೆ ದೇವಿ ಬಂದಳೆಂದು ಹೆದರಿ ಅವಳನ್ನು ದೇವರಿಗೆ ಬಿಟ್ಟ ಕಾಲ ಕರ್ನಾಟಕದಲ್ಲಿತ್ತು. ಬಾಚದ, ತೊಳೆಯದ ಕೂದಲಿನ ಹುರುಪೆಗಳು ಕಂಬಳಿಯ ಉಣ್ಣೆಯ ಹಾಗೆ ಕಚ್ಚಿಕೊಂಡದ್ದು ಆ ಜಡೆ. ಕತ್ತರಿಸಿದರೆ ಯಾವ ಕೇಡೂ ಆಗುವುದಿಲ್ಲ.

ತಂಗಿಯ ಮಗಳು ಎರಡು ದಿನ ಯೋಚಿಸಿ ಕೊನೆಗೆ ಕೂದಲನ್ನು ಭುಜಕ್ಕೆ ಕತ್ತರಿಸಿಕೊಂಡಳು. ಮುರಿದದ್ದೆಲ್ಲ ಹೋಯಿತು. ಬುಡದಿಂದ ಬರುತ್ತಿರುವುದು ಅವಳ ಹಳೆಯ ಕೂದಲೇ, ಸ್ವಲ್ಪ ಗುಂಗುರು. ಬಾಗಿಲ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನಿಂದ ಅಳತೆ ಗೆರೆ ಎಳೆದು ತಾರೀಖು ಬರೆದಿದ್ದಾಳೆ. ನಿನ್ನೆ ಸಂಜೆ ಮಳೆ ಬಂದಾಗ ಸೂರಿನ ಕೆಳಗೆ ಎರಡು ಬಿಂದಿಗೆ ಇಟ್ಟು, “ದೊಡ್ಡಮ್ಮ, ಮೊದಲ ನೀರು ಚೆಲ್ಲಿದೀನಿ, ಇದು ಸಪ್ಪೆ ನೀರು. ನಾಳೆ ತಲೆಗೆ ಕೊನೇ ಚೊಂಬು ಇದನ್ನೇ ಹಾಕ್ಕೋತೀನಿ, ಅರ್ಧ ನಿಂಬೆಹಣ್ಣು ಹಿಂಡ್ಲಾ?” ಎಂದು ಕೇಳಿದಳು. ಬಕೆಟ್ ತುಂಬ ನೀರಿಗಾದರೆ ಹಿಂಡು, ಚೊಂಬಿಗಾದರೆ ನಾಲ್ಕು ಹನಿ ಸಾಕು ಎಂದೆ.